ಡ್ರೈವರ್ ತೋರಿಸುವ 20 ಡಿಬಿಎಂ: ನನ್ನ ಅನುಭವ

ನನ್ನ ಕೈಗೆ ಬಂದದ್ದು ಎರಡು ಆಂಟೆನಾ ಇರುವ ಲಿನಕ್ಸ್ ಬೋರ್ಡ್, ಅದರಲ್ಲಿ ಮೀಡಿಯಾಟೆಕ್ ವೈಫೈ ಚಿಪ್‌ಗಳನ್ನು ನಡೆಸುವ ಎಂಟಿ76 ಡ್ರೈವರ್. ಬಳಕೆ ಯುರೋಪಿನಲ್ಲಿ. ಅಲ್ಲಿ 2.4 ಗಿಗಾಹರ್ಟ್ಸ್ ವೈಫೈ ಹೊರಸೂಸುವ ಪವರ್‌ಗೆ ಮಿತಿ 20 ಡಿಬಿಎಂ (ಪವರ್ ಅಳೆಯುವ ಮಾನ), ಅಂದ್ರೆ 100 ಮಿಲಿವ್ಯಾಟ್. ಬೋರ್ಡ್ ಇದನ್ನು ಮೀರದಂತೆ ನೋಡಿಕೊಳ್ಳುವುದೇ ನನ್ನ ಕೆಲಸ.

ಮೊದಲು ದೇಶದ ಕೋಡ್ ನೋಡಿದೆ. ವೈಫೈ ಸೆಟ್ಟಿಂಗ್ ನೋಡುವ, ಬದಲಿಸುವ ಲಿನಕ್ಸ್ ಕಮಾಂಡ್ ‘ಐಡಬ್ಲ್ಯೂ’. ‘ಐಡಬ್ಲ್ಯೂ ರೆಗ್ ಗೆಟ್’ ಕೊಟ್ಟಾಗ 00 ಬಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ದೇಶ ಗೊತ್ತಿಲ್ಲ ಅಂತ ಅರ್ಥ. ಆಗ ಅದು ಎಲ್ಲ ಕಡೆ ನಡೆಯುವಂಥ ಬಿಗಿ ನಿಯಮ ಹಿಡಿಯುತ್ತದೆ, 5 ಗಿಗಾಹರ್ಟ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಏಳೋದೇ ಇಲ್ಲ. ಕೋಡ್ ಹಾಕಿದ ಮೇಲೆ 20 ಕಾಣಿಸಿತು.

ಕಾಣಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ 20 ಇಐಆರ್‌ಪಿ ಲೆಕ್ಕದ್ದು, ಅಂದ್ರೆ ಆಂಟೆನಾ ಒಂದು ದಿಕ್ಕಿಗೆ ಕೊಡುವ ಹೆಚ್ಚಳ (ಗೇನ್) ಸೇರಿದ ಮೇಲಿನದು. ನಾನು ಯಾವ ಆಂಟೆನಾ ಹಾಕಿದ್ದೇನೆ ಅಂತ ಡ್ರೈವರ್‌ಗೆ ಹೇಗೆ ಗೊತ್ತಾಗಬೇಕು? ನನ್ನ ಆಂಟೆನಾದ ಗೇನ್ 8 ಡಿಬಿಐ, ಕೇಬಲ್‌ನಲ್ಲಿ 1 ಡಿಬಿ ನಷ್ಟ. 20ರಲ್ಲಿ 8 ಕಳೆದು 1 ಕೂಡಿಸಿದರೆ 13. ಇನ್ನೂ ಒಂದಿದೆ. ಒಂದೊಂದು ಆಂಟೆನಾಗೆ ಸಿಗ್ನಲ್ ಕಳಿಸುವ ಸರಣಿಗೆ ಚೈನ್ ಅಂತಾರೆ. ಎರಡು ಚೈನ್ ಒಟ್ಟಿಗೆ ಕೂಗಿದರೆ ಪವರ್ ದುಪ್ಪಟ್ಟು, ಅಂದ್ರೆ 3 ಡಿಬಿ ಜಾಸ್ತಿ. ಹಾಗಾಗಿ ಒಂದೊಂದು ಚೈನ್‌ಗೆ 10 ಡಿಬಿಎಂ ಮಾತ್ರ. ನೀವು ಕೊಡುವ ಅಂಕಿಯನ್ನು ಡ್ರೈವರ್ ಒಟ್ಟು ಪವರ್ ಅಂತ ಓದುತ್ತದೋ, ಪ್ರತಿ ಚೈನ್‌ನದು ಅಂತ ಓದುತ್ತದೋ, ಇದನ್ನು ಕೋಡ್‌ನಲ್ಲೇ ನೋಡಬೇಕು. ಎಂಟಿ76ನಲ್ಲಿ ಚೈನ್ ಎಣಿಸಿ ಕಳೆಯುವ ಫಂಕ್ಷನ್ ಇದೆ. ಎಲ್ಲ ಡ್ರೈವರ್‌ಗಳೂ ಹೀಗೇ ಅಂದುಕೊಳ್ಳಬೇಡಿ.

ಆಮೇಲೆ ಅಳತೆ. ಆಂಟೆನಾ ತೆಗೆದು, ಸಿಗ್ನಲ್ ತಗ್ಗಿಸುವ 30 ಡಿಬಿ ಅಟೆನ್ಯುಯೇಟರ್ ಮೂಲಕ, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಪವರ್ ಇದೆ ಅಂತ ತೋರಿಸುವ ಸ್ಪೆಕ್ಟ್ರಮ್ ಅನಲೈಜರ್‌ಗೆ ಜೋಡಿಸಿದೆ. ಇಲ್ಲಿ ಪರದೆ ಮೇಲಿನ ಶಿಖರ ನೋಡಿ ಖುಷಿಪಡಬಾರದು. 20 ಮೆಗಾಹರ್ಟ್ಸ್ ಅಗಲದ ಸಿಗ್ನಲ್ ಅನ್ನು 100 ಕಿಲೋಹರ್ಟ್ಸ್ ಕಿಂಡಿಯಲ್ಲಿ ನೋಡಿದರೆ ಸುಮಾರು 23 ಡಿಬಿ ಕಡಿಮೆ ಕಾಣುತ್ತದೆ. ಇಡೀ ಅಗಲದ ಪವರ್ ಕೂಡಿಸುವ ಚಾನೆಲ್ ಪವರ್ ಮೋಡ್‌ನಲ್ಲೇ ಅಳೆಯಬೇಕು, ಅದೂ ಪ್ಯಾಕೆಟ್ ಹೋಗುವ ಹೊತ್ತನ್ನಷ್ಟೇ ಹಿಡಿದು. ಕಡಿಮೆ ಸ್ಪೀಡಿನ ರೇಟ್‌ಗಳನ್ನೂ ಬಿಡಬೇಡಿ. ಹೆಚ್ಚಿನ ರೇಟ್‌ನಲ್ಲಿ ಆಂಪ್ಲಿಫೈಯರ್ ಸಿಗ್ನಲ್ ಕೆಡಿಸಬಾರದು ಅಂತ ಕಾರ್ಡೇ ಪವರ್ ಇಳಿಸಿಕೊಳ್ಳುತ್ತದೆ. ಅಲ್ಲಿ ಮಾತ್ರ ಅಳೆದು ಪಾಸ್ ಅಂದರೆ ಸುಮ್ನೆ ಸಮಾಧಾನ ಅಷ್ಟೇ.

ದೇಶದ ಕೋಡ್ ಬದಲಿಸಿ ಪವರ್ ಏರಿಸಬಹುದಲ್ವಾ ಅಂತ ಕೇಳುವವರು ಸಿಗುತ್ತಲೇ ಇರುತ್ತಾರೆ. ಕಾನೂನಿನ ಮಾತು ಹಾಗಿರಲಿ, ವೈಫೈ ಕಾರ್ಡಿನೊಳಗೆ ತಯಾರಕರು ಬರೆದಿಟ್ಟ ಕ್ಯಾಲಿಬ್ರೇಷನ್‌ನಲ್ಲಿ ಬೇರೆಯೇ ಮಿತಿ ಇರುತ್ತದೆ. ಎಲ್ಲದರಲ್ಲಿ ಯಾವುದು ಕಡಿಮೆಯೋ ಅದೇ ಗೆಲ್ಲುತ್ತದೆ. ಏರಿತು ಅಂತಲೇ ಇಟ್ಟುಕೊಳ್ಳಿ, ಆ ಕಡೆಯಿಂದ ಉತ್ತರಿಸುವ ಫೋನಿನ ಪವರ್ ಏರೋದಿಲ್ಲವಲ್ಲ!

ಕೊನೆಗೆ ಮಿತಿಯನ್ನು ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ ಇಡಲಿಲ್ಲ, ಯಾರು ಬೇಕಾದರೂ ಅಳಿಸಬಹುದು. ಬೋರ್ಡಿನ ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ತಿಳಿಸುವ ಡಿವೈಸ್ ಟ್ರೀಯಲ್ಲಿ ಎಂಟಿ76 ಓದುವ ಪವರ್ ಲಿಮಿಟ್ಸ್ ಪಟ್ಟಿಗೆ ರೇಟ್‌ವಾರು ಬರೆದೆ. ಅಲ್ಲಿನ ಅಂಕಿ ಅರ್ಧ ಡಿಬಿಎಂ ಲೆಕ್ಕದಲ್ಲಿ, 10 ಬೇಕಿದ್ದರೆ 20 ಬರೆಯಬೇಕು. ಬೂಟ್ ಮಾಡಿ, ಬೇಕಂತಲೇ ‘ಐಡಬ್ಲ್ಯೂ’ನಿಂದ 30 ಡಿಬಿಎಂ ಕೇಳಿದೆ. ಅನಲೈಜರ್‌ನ ಅಂಕಿ ಅಲ್ಲಾಡಲಿಲ್ಲ.