23 ಗೆಲುವು, ಒಂದೇ ಮೆಟ್ಟಿಲು

ಸೈಕಲ್ ರೇಸ್ ಟೀಮ್ ನಡೆಸುವ ಕಂಪ್ಯೂಟರ್ ಆಟದಲ್ಲಿ, ವರ್ಷದ ಕೊನೆಯ ದೊಡ್ಡ ರೇಸ್ ಇಲ್ ಲೊಂಬಾರ್ಡಿಯಾ ಮುಗಿದ ರಾತ್ರಿ ಸೀಸನ್ ಸಾರಾಂಶದ ಪುಟ ತೆರೆದೆ. 23 ಗೆಲುವು. ಹಿಂದಿನ ಸೀಸನ್‌ನಲ್ಲಿ 15 ಇತ್ತು. ಬೀಗುತ್ತಲೇ ಕೆಳಗೆ ಸ್ಕ್ರೋಲ್ ಮಾಡಿದೆ. ಟೀಮ್ ರ್‍ಯಾಂಕಿಂಗ್: 16. ಹೋದ ವರ್ಷ 17. ಎಂಟು ಗೆಲುವು ಜಾಸ್ತಿ ಗೆದ್ದು ಹತ್ತಿದ್ದು ಒಂದೇ ಮೆಟ್ಟಿಲು! ಮೊದಲು ಅನ್ನಿಸಿದ್ದು ಆಟದ ಲೆಕ್ಕವೇ ತಪ್ಪಿದೆ ಅಂತ. ಮ್ಯಾನೇಜರ್ ಗೇಮ್ ಆಡುವವರೆಲ್ಲ ಮೊದಲು ಬೈಯುವುದು ಆಟವನ್ನೇ, ನಾನೂ ಅದಕ್ಕೆ ಹೊರತಲ್ಲ.

ಪ್ರೊ ಸೈಕ್ಲಿಂಗ್ ಮ್ಯಾನೇಜರ್‌ನಲ್ಲಿ ಈ ಟೀಮಿನೊಂದಿಗೆ ಇದು ನನ್ನ ಮೂರನೇ ಸೀಸನ್. ಮೊದಲ ದರ್ಜೆಯಾದ ವರ್ಲ್ಡ್‌ಟೂರ್‌ನ ಬಾಲದಲ್ಲಿ ನೇತಾಡುವ ಟೀಮು, 28 ಸವಾರರು. ನಾನು ಬಳಸುವುದು ಅಭಿಮಾನಿಗಳು ತಿದ್ದಿದ ಡೇಟಾಬೇಸ್. ಅಂಕಗಳು ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐನ ಪಟ್ಟಿಯವೇ. ಜೊತೆಗೆ ನನಗೆ ನಾನೇ ಹಾಕಿಕೊಂಡ ಒಂದು ನಿಯಮವಿದೆ: ನಿಜದ ಸೈಕ್ಲಿಂಗ್‌ನಲ್ಲಿ ಇರುವಂತೆ ಮೂರು ವರ್ಷದ ಒಟ್ಟು ಅಂಕದಲ್ಲಿ ಮೊದಲ 18ರೊಳಗೆ ಇರದಿದ್ದರೆ ಸೇವ್ ಫೈಲ್ ಮುಚ್ಚಿ, ಎರಡನೇ ದರ್ಜೆಯ ಟೀಮ್ ಹಿಡಿದು ಮತ್ತೆ ಮೊದಲಿಂದ ಶುರು. ಹಾಗಾಗಿ ಆ 16 ನನಗೆ ಬರೀ ಒಂದು ಅಂಕೆಯಾಗಿರಲಿಲ್ಲ.

ಮರುದಿನ ಸ್ಪ್ರೆಡ್‌ಶೀಟ್ ತೆರೆದು ಕೂತೆ. ಗೆಲುವುಗಳನ್ನು ರೇಸ್ ದರ್ಜೆಯ ಪ್ರಕಾರ ಬಿಡಿಸಿ ಬರೆದಾಗಲೇ ಅರ್ಧ ಉತ್ತರ ಸಿಕ್ಕಿತು. ಇಪ್ಪತ್ಮೂರರಲ್ಲಿ 13 ಗೆಲುವು 2.1 ದರ್ಜೆಯ ಸಣ್ಣ ಸ್ಟೇಜ್ ರೇಸ್‌ಗಳ (ಹಲವು ದಿನ ನಡೆಯುವವು) ಬಿಡಿ ಸ್ಟೇಜುಗಳು, ಅಂದರೆ ಒಂದೊಂದು ದಿನದ ಓಟ. ಒಂದಕ್ಕೆ ಸಿಗುವುದು 14 ಅಂಕ. ಇನ್ನು ನಾಲ್ಕು ಅದಕ್ಕಿಂತ ಮೇಲಿನ 2.ಪ್ರೊ ದರ್ಜೆಯ ಸ್ಟೇಜುಗಳು, ತಲಾ 20. ಹದಿನೇಳು ಸಲ ಕೈಯೆತ್ತಿ ಗೆರೆ ದಾಟಿದ್ದಕ್ಕೆ ಒಟ್ಟು 262 ಅಂಕ. ಅದೇ ಸೀಸನ್‌ನಲ್ಲಿ ನಮ್ಮ ಹುಡುಗರು ಮೂರು ಒಂದು ದಿನದ ಸಣ್ಣ ರೇಸ್ ಗೆದ್ದಿದ್ದರು. 1.1 ದರ್ಜೆ, ತಲಾ 125. ನಾನು ಲೈವ್ ಆಡದೆ ‘ಸಿಮ್ಯುಲೇಟ್’ ಒತ್ತಿ ಮುಗಿಸಿದ್ದ ಆ ಮೂರು ರೇಸ್‌ಗಳಿಂದ ಬಂದದ್ದು 375. ಗಂಟೆಗಟ್ಟಲೆ ಕೂತು ಒಂದೊಂದು ತಿರುವಿಗೂ ಉಸಿರು ಬಿಗಿಹಿಡಿದು ಆಡಿದ ಹದಿನೇಳು ಸ್ಟೇಜುಗಳಿಗಿಂತ, ನಾನು ನೋಡಲೂ ಇಲ್ಲದ ಮೂರು ದಿನಗಳ ತೂಕ ಹೆಚ್ಚು.

ಇದು ಗೊತ್ತಿಲ್ಲದ ವಿಷಯವೇನಲ್ಲ. 2020ರಿಂದ 2022ರ ಮೂರು ವರ್ಷದ ಸುತ್ತು ಮುಗಿಯುತ್ತ ಬಂದಾಗ ಬಾಲದಲ್ಲಿದ್ದ ನಿಜದ ಟೀಮುಗಳು ಇಂಥ ಒಂದು ದಿನದ ರೇಸ್‌ಗಳ ಬೆನ್ನು ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೂ ಕೊನೆಗೆ ಲೊಟ್ಟೊ ಸೌದಾಲ್ ಮತ್ತು ಇಸ್ರೇಲ್ ಪ್ರೀಮಿಯರ್ ಟೆಕ್ ಟೀಮುಗಳು ಎರಡನೇ ದರ್ಜೆಗೆ ಇಳಿದವು. ಆಗ ಟೀಮಿನ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಹತ್ತು ಸವಾರರ ಅಂಕ, 2023ರಿಂದ ಇಪ್ಪತ್ತು ಸವಾರರದ್ದು. ಇದನ್ನೆಲ್ಲ ಓದಿ ತಲೆದೂಗಿದ್ದ ನಾನೇ, ನನ್ನ ಟೀಮಿನ ಕ್ಯಾಲೆಂಡರ್ ಹಾಕುವಾಗ ಮರೆತಿದ್ದೆ. ಸ್ಟೇಜ್ ರೇಸ್ ಆಡಲು ಮಜಾ, ಅಷ್ಟೇ ಕಾರಣ.

ಉಳಿದರ್ಧ ಉತ್ತರಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಅದನ್ನು ಹುಡುಕುವಾಗ ಹೊಟ್ಟೆಯುರಿಯಿತು ಕೂಡ.

ನಮ್ಮ ಮುಖ್ಯ ಸ್ಪ್ರಿಂಟರ್‌ಗೆ, ಅಂದರೆ ಗೆರೆಯ ಹತ್ತಿರ ಮಿಂಚಿನಂತೆ ನುಗ್ಗುವವನಿಗೆ, ಸ್ಪ್ರಿಂಟ್ 79, ಆಕ್ಸಿಲರೇಷನ್ 80. ಈ ಆಟದಲ್ಲಿ ಗುಣಾಂಕ 50ರಿಂದ 85ರವರೆಗೆ ಮಾತ್ರ, ಆದ್ದರಿಂದ 79 ಅಂದರೆ ಯಾರೆದುರೂ ತಲೆ ತಗ್ಗಿಸಬೇಕಿಲ್ಲದ ಮಟ್ಟ. ಎರಡನೇ ಸೀಸನ್‌ನಲ್ಲಿ ಅವನು ಟೂರ್ ಡಿ ಫ್ರಾನ್ಸ್‌ನಲ್ಲಿ ಒಂದು ಸ್ಟೇಜ್ ಗೆದ್ದಿದ್ದ. ಮೂರನೇ ಸೀಸನ್‌ನ ಟೂರ್‌ನಲ್ಲಿ ಸೊನ್ನೆ. ಎರಡನೆಯ ಸ್ಥಾನ, ನಾಲ್ಕು, ಐದು, ಮತ್ತೆ ನಾಲ್ಕು, ಹನ್ನೊಂದು. ಗುಣಾಂಕ ಇಳಿದಿರಲಿಲ್ಲ, ಫಾರ್ಮ್ ಚೆನ್ನಾಗಿಯೇ ಇತ್ತು. ಹಾಗಾದರೆ ಆದದ್ದೇನು?

ಸ್ಪ್ರಿಂಟ್ ನಡೆಯುವಾಗ ಆಟವನ್ನು ತಡೆದು ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯುವ ಚಟ ನನಗೆ. ಹಾರ್ಡ್ ಡಿಸ್ಕ್ ತುಂಬ ಅವೇ. ಮನೆಯಲ್ಲಿ ಬೈಸಿಕೊಂಡದ್ದೂ ಆಗಿದೆ. ಈ ಸಲ ಅದು ಕೆಲಸಕ್ಕೆ ಬಂತು. ಎರಡೂ ಸೀಸನ್‌ಗಳ ಚಿತ್ರ ತೆಗೆದು, ಸ್ಪ್ರೆಡ್‌ಶೀಟಿಗೆ ಹೊಸ ಕಾಲಂ ಸೇರಿಸಿದೆ: ಗೆರೆಗೆ ಸುಮಾರು 200 ಮೀಟರ್ ಇರುವಾಗ ನಮ್ಮವನು ಮುಂದಿನಿಂದ ಎಷ್ಟನೇ ಚಕ್ರದಲ್ಲಿದ್ದ? ಎರಡನೇ ಸೀಸನ್‌ನ ಸಾಲು: 2, 3, 2, 2, 4. ಮೂರನೇ ಸೀಸನ್‌ನದು: 7, 9, 6, 11, 8.

ನೋಡಿದ ತಕ್ಷಣ ಮೈ ಬಿಸಿಯಾಯಿತು. ಎರಡೂ ಸಾಲುಗಳ ನಡುವೆ ಒಬ್ಬ ಮನುಷ್ಯ ಟೀಮಿನಿಂದ ಹೋಗಿದ್ದ.

31 ವರ್ಷದ ಲೀಡ್‌ಔಟ್ ಸವಾರ, ಅಂದರೆ ಕೊನೆಯ ಗಳಿಗೆಯಲ್ಲಿ ಸ್ಪ್ರಿಂಟರ್‌ನನ್ನು ತನ್ನ ಹಿಂದೆ ಎಳೆದು ತಂದು ಮುಂದಕ್ಕೆ ಬಿಡುವವನು. ಸಪಾಟಿನಲ್ಲಿ 76, ಸ್ಪ್ರಿಂಟ್ 72, ಆಕ್ಸಿಲರೇಷನ್ 75. ಎರಡು ಸೀಸನ್‌ನಲ್ಲಿ ಒಂದೂ ಗೆಲುವಿಲ್ಲ, ಅಂಕಗಳೂ ಇಲ್ಲವೆಂದೇ ಹೇಳಬಹುದು. ತಿಂಗಳಿಗೆ 14,000 ಯೂರೋ ತಗೊಳ್ಳುತ್ತಿದ್ದ. ಒಪ್ಪಂದ ಮುಗಿದಾಗ 18,000 ಕೇಳಿದ. ಗೆಲುವೇ ಇಲ್ಲದವನಿಗೆ ಸಂಬಳ ಏರಿಸುವುದೇ ಎಂದು ಕಳಿಸಿಬಿಟ್ಟೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಸ್ಪ್ರಿಂಟ್ 76ರ ಎರಡನೇ ಸ್ಪ್ರಿಂಟರ್ ತಂದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ಆ 2.1 ಸ್ಟೇಜುಗಳಲ್ಲಿ ಒಂಬತ್ತು ಗೆದ್ದವನು ಇವನೇ. ಗೆಲುವಿನ ಸಂಖ್ಯೆ ಉಬ್ಬಿದ್ದು ಇವನಿಂದ, ಟೂರ್‌ನ ಸ್ಟೇಜ್ ಹೋದದ್ದೂ ಇವನಿಗೆ ಜಾಗ ಮಾಡಿದ್ದರಿಂದ. ಟೂರ್‌ನ ಒಂದು ಸ್ಟೇಜಿಗೆ 210 ಅಂಕ. ಒಂಬತ್ತನ್ನು ಹದಿನಾಲ್ಕರಿಂದ ಗುಣಿಸಿದರೆ 126.

ಒಂದು ಚಿತ್ರವನ್ನು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದೆ. ಟೂರ್‌ನ ಸಪಾಟು ಸ್ಟೇಜ್, ಕೊನೆಯ ತಿರುವು ದಾಟಿದೆ. ನಮ್ಮ ಮೂವರು ಪೆಲೊಟಾನ್‌ನ (ಸವಾರರ ದೊಡ್ಡ ಗುಂಪಿನ) ಎಡ ಅಂಚಿನಲ್ಲಿ ಸಾಲಾಗಿದ್ದಾರೆ. ಮುಂದೆ ಎಳೆಯುತ್ತಿರುವವನು ಟೈಮ್ ಟ್ರಯಲ್ ಹುಡುಗ. ಎಂಜಿನ್ ಇದೆ, ಆಕ್ಸಿಲರೇಷನ್ ಇಲ್ಲ. ಬಲಗಡೆಯಿಂದ ಬೇರೆ ಟೀಮಿನ ಲೀಡ್‌ಔಟ್ ಸಾಲು, ಅಂದರೆ ‘ರೈಲು’, ನುಗ್ಗಿ ಮುಂದಾಗಿದೆ. ನಮ್ಮ ಸ್ಪ್ರಿಂಟರ್ ತಡೆಬೇಲಿ ಮತ್ತು ಇನ್ನೊಬ್ಬನ ಹ್ಯಾಂಡಲ್‌ಬಾರ್ ನಡುವೆ ಸಿಕ್ಕಿಕೊಂಡಿದ್ದಾನೆ. ಅವನ ಉಳಿದ ಕಸುವು ತೋರಿಸುವ ಕೆಂಪು ಪಟ್ಟಿ ಪೂರ್ತಿ ತುಂಬಿದೆ, ಒಂದು ಹನಿಯೂ ಖರ್ಚಾಗಿಲ್ಲ. ಆ ದಿನ ಹನ್ನೊಂದನೆಯವನಾಗಿ ಬಂದಾಗ ನಾನು ಅವನಿಗೇ ಬೈದಿದ್ದೆ.

ನಿಜದ ರಸ್ತೆಯಲ್ಲೂ ಈ ಕೆಲಸದ ಬೆಲೆ ಕಾಣಬೇಕಾದರೆ 2021ರ ಟೂರ್ ನೋಡಿದರೆ ಸಾಕು. ಮಾರ್ಕ್ ಕ್ಯಾವೆಂಡಿಶ್ ಆ ವರ್ಷ ನಾಲ್ಕು ಸ್ಟೇಜ್ ಗೆದ್ದು ಎಡ್ಡಿ ಮರ್ಕ್ಸ್ ಅವರ 34ರ ದಾಖಲೆ ಮುಟ್ಟಿದಾಗ, ಅವರಿಗೆ ದಾರಿ ಮಾಡುತ್ತಿದ್ದವರು ಮಿಕೆಲ್ ಮೊರ್ಕೊವ್. ಕಾರ್ಕಸೋನ್‌ನಲ್ಲಿ ಆ ಮೂವತ್ನಾಲ್ಕನೆಯದು ಬಂದ ದಿನ ಎರಡನೇ ಸ್ಥಾನ ಮೊರ್ಕೊವ್ ಅವರದ್ದೇ. ಎಳೆದು ಬಿಟ್ಟವರೇ ಉಳಿದವರೆಲ್ಲರಿಗಿಂತ ಮುಂದೆ! 2024ರಲ್ಲಿ ಕ್ಯಾವೆಂಡಿಶ್ 35ನೆಯದು ಗೆದ್ದದ್ದು ಬೇರೆ ಟೀಮಿನಲ್ಲಿ, ಆಗಲೂ ಮೊರ್ಕೊವ್ ಅದೇ ಟೀಮಿನಲ್ಲಿದ್ದರು. ನಾನು ಮಾತ್ರ ನನ್ನ ಮೊರ್ಕೊವ್‌ನನ್ನು ನಾಲ್ಕು ಸಾವಿರ ಯೂರೋ ಉಳಿಸಲು ಕಳಿಸಿಕೊಟ್ಟಿದ್ದೆ.

ಬೆಟ್ಟದ ಕಥೆ ಇಷ್ಟು ನೋವಿನದ್ದಲ್ಲ, ಬರೀ ದಡ್ಡತನದ್ದು. ನಮ್ಮ ಕ್ಲೈಂಬರ್‌ಗೆ (ಬೆಟ್ಟ ಹತ್ತುವವನಿಗೆ) ಮೌಂಟೆನ್ 77, ದಣಿವು ಆರಿಸಿಕೊಳ್ಳುವ ರಿಕವರಿ 65. ಇಟಲಿಯ ಮೂರು ವಾರದ ರೇಸ್ ಜಿರೋದಲ್ಲಿ ಮೊದಲ ಹತ್ತರೊಳಗೆ ಬರಬೇಕೆಂಬುದು ಪ್ರಾಯೋಜಕರ ಗುರಿ. ಎರಡು ವಾರ ಮುಗಿದಾಗ ಆರನೇ ಸ್ಥಾನದಲ್ಲಿದ್ದ. ಮೂರನೇ ವಾರದ ಮೊದಲ ದೊಡ್ಡ ಬೆಟ್ಟದಲ್ಲೇ ನಾಯಕರ ಗುಂಪಿನಿಂದ ಕಳಚಿ, ಮರುದಿನ ಇನ್ನಷ್ಟು ಕಳೆದುಕೊಂಡು, ಕೊನೆಗೆ 14ನೆಯವನಾಗಿ ಮುಗಿಸಿದ. ರೇಸ್ ದಿನಗಳ ಕಾಲಂ ನೋಡಿದೆ. ಜಿರೋಗೆ ಬರುವ ಹೊತ್ತಿಗೇ ಅವನು 30 ದಿನ ಓಡಿದ್ದ. ಅದರಲ್ಲಿ ಕೊನೆಯ ಆರು ಜಿರೋಗೆ ಸ್ವಲ್ಪವೇ ಮುಂಚೆ ಮುಗಿಯುವ ಟೂರ್ ಡಿ ರೊಮ್ಯಾಂಡಿಯದ್ದು. ಅಲ್ಲಿಗೆ ಕಳಿಸಿದ್ದು ಯಾಕೆ? ಬೇರೆ ಕ್ಲೈಂಬರ್ ಇರಲಿಲ್ಲ, ಅದಕ್ಕೆ. ರಿಕವರಿ 65 ಇರುವವನಿಗೆ 21 ಸ್ಟೇಜುಗಳ ಮುಂಚೆ ಆರು ದಿನದ ಬೆಟ್ಟ ಹತ್ತಿಸಿ, ಆಮೇಲೆ ಮೂರನೇ ವಾರದಲ್ಲಿ ಕುಸಿದ ಅಂತ ಗೋಳಾಡಿದರೆ ಯಾರು ಕೇಳುತ್ತಾರೆ?

‘ಬೇರೆ ಕ್ಲೈಂಬರ್ ಇರಲಿಲ್ಲ’ ಅನ್ನುವುದು ಬಾಯಿಗೆ ಬಂದ ಮೇಲೆ ಟೀಮ್ ಕಟ್ಟುವ ರೀತಿಯನ್ನೇ ಬದಲಿಸಿದೆ. ಅಲ್ಲಿಯತನಕ ನಾನು ಯೋಚಿಸುತ್ತಿದ್ದದ್ದು ಸವಾರರ ಪಟ್ಟಿಯಿಂದ: ಇಬ್ಬರು ಸ್ಪ್ರಿಂಟರ್, ಮೂವರು ಕ್ಲೈಂಬರ್, ಕಲ್ಲುಹಾಸಿನ ರಸ್ತೆಗೆ ನಾಲ್ವರು, ಹೀಗೆ. ಈಗ ಕ್ಯಾಲೆಂಡರ್‌ನಿಂದ ಶುರು ಮಾಡಿದೆ. ವರ್ಷದ ಅತಿ ಕೆಟ್ಟ ವಾರ ಯಾವುದು? ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಮತ್ತು ಟಿರೆನೊ–ಅಡ್ರಿಯಾಟಿಕೊ ಎಂಬ ಎರಡು ಸ್ಟೇಜ್ ರೇಸ್‌ಗಳು ಒಂದರ ಮೇಲೊಂದು ಬೀಳುತ್ತವೆ. ತಲಾ ಏಳು ಜನ. ಎರಡಕ್ಕೂ ಬೆಟ್ಟ ಹತ್ತುವವರು ಬೇಕು, ಎರಡಕ್ಕೂ ಸ್ಪ್ರಿಂಟ್ ರೈಲು ಬೇಕು. ಅಂಕಕ್ಕಾಗಿ ಅದೇ ವಾರ ಒಂದು ಸಣ್ಣ ರೇಸ್‌ಗೂ ಹೋಗಬೇಕೆಂದರೆ ಇನ್ನೇಳು. 28ರಲ್ಲಿ 21 ಜನ ರಸ್ತೆ ಮೇಲೆ. ಹಿಂದಿನ ಮಾರ್ಚ್‌ನಲ್ಲಿ ನನ್ನ ನಾಲ್ವರು ಗಾಯವಾಗಿ ಮಲಗಿದ್ದರು. ಉಳಿದವರು ಮೂರೇ ಜನ, ಮೂವರಿಗೂ ದಣಿವು. ಆ ವಾರ ನಾನು ಟಿರೆನೊಗೆ ಕಳಿಸಿದ ಟೀಮು ನೋಡಿದರೆ ಇವತ್ತಿಗೂ ನಗು ಬರುತ್ತದೆ. ಕಲ್ಲುಹಾಸಿನ ಪರಿಣತ 80 ಕಿಲೊ ಆಸಾಮಿ ನಮ್ಮ ‘ಬೆಟ್ಟದ ನಾಯಕ’.

ಹೊಸ ಹಾಳೆಯಲ್ಲಿ ಅಡ್ಡಕ್ಕೆ ಇಂಥ ನಾಲ್ಕು ವಾರಗಳನ್ನು ಬರೆದೆ, ಕೆಳಕ್ಕೆ ಕೆಲಸಗಳನ್ನು. ಹೆಸರುಗಳನ್ನು ಆಮೇಲೆ ತುಂಬಿದೆ. ಖಾಲಿ ಉಳಿದ ಚೌಕಗಳೇ ನನ್ನ ಖರೀದಿ ಪಟ್ಟಿ. ಲೀಡ್‌ಔಟ್ ಚೌಕ ನಾಲ್ಕೂ ವಾರ ಖಾಲಿ. ಎರಡನೇ ಕ್ಲೈಂಬರ್ ಮೂರು ವಾರ ಖಾಲಿ. ಸ್ಪ್ರಿಂಟರ್ ಚೌಕದಲ್ಲಿ ಮಾತ್ರ ಒಂದಕ್ಕೆ ಎರಡು ಹೆಸರು.

ಇಷ್ಟೆಲ್ಲ ಹೊಳೆದದ್ದು ಅಕ್ಟೋಬರ್‌ನಲ್ಲಿ. ನಿಜದ ಸೈಕ್ಲಿಂಗ್‌ನಲ್ಲಿ ಟೀಮ್ ಬದಲಾವಣೆಯ ಬಾಗಿಲು ಆಗಸ್ಟ್ 1ಕ್ಕೇ ತೆರೆಯುತ್ತದೆ. ಆಟದಲ್ಲೂ ಅಕ್ಟೋಬರ್ ಹೊತ್ತಿಗೆ ಒಳ್ಳೆಯವರೆಲ್ಲ ಮುಂದಿನ ವರ್ಷಕ್ಕೆ ಸಹಿ ಹಾಕಿ ಮುಗಿಸಿರುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಕೂತಿದ್ದೆ. ಹಳೆಯ ಲೀಡ್‌ಔಟ್ ಮನುಷ್ಯನನ್ನೇ ಹುಡುಕಿದೆ. ಹೊಸ ಟೀಮಿನೊಂದಿಗೆ ಇನ್ನೂ ಒಂದು ವರ್ಷದ ಒಪ್ಪಂದ ಬಾಕಿ ಇತ್ತು. ಅವನ ಹೊಸ ಸ್ಪ್ರಿಂಟರ್ ಟೂರ್‌ನಲ್ಲಿ ಎರಡು ಸ್ಟೇಜ್ ಗೆದ್ದಿದ್ದ. ಆ ಪುಟವನ್ನು ಬೇಗ ಮುಚ್ಚಿದೆ. ಈಗ ನಾನು ಮೊದಲ ಪರಿಶೀಲನೆ ಮಾಡುವುದು ಟೂರ್ ಮುಗಿದ ವಾರವೇ. ಅಕ್ಟೋಬರ್‌ನದ್ದು ಬರೀ ಲೆಕ್ಕ ಚುಕ್ತಾ.

ಕೊನೆಗೆ ಸಿಕ್ಕಿದ್ದು 33 ವರ್ಷದವನು, ಸಪಾಟು 74, ಆಕ್ಸಿಲರೇಷನ್ 74. ಕೇಳಿದ್ದು 22,000, ಕೊಟ್ಟೆ. ಎರಡನೇ ಸ್ಪ್ರಿಂಟರ್‌ಗೆ ಇನ್ನೊಂದು ವರ್ಷ ಬಾಕಿ ಇದ್ದುದರಿಂದ ಅವನನ್ನು ಇಟ್ಟುಕೊಂಡು, ಸ್ಟೇಜ್ ರೇಸ್‌ಗಳಿಂದ ಪೂರ್ತಿ ತೆಗೆದು ಫ್ರಾನ್ಸ್ ಮತ್ತು ಬೆಲ್ಜಿಯಂನ ಒಂದು ದಿನದ ರೇಸ್‌ಗಳಿಗೆ ಹಾಕಿದೆ. ಒಂದು ಗೆದ್ದರೂ ಒಂಬತ್ತು ಸ್ಟೇಜಿಗೆ ಹೆಚ್ಚುಕಡಿಮೆ ಸಮ. ಎರಡನೇ ಕ್ಲೈಂಬರ್‌ಗೆ ದುಡ್ಡು ಉಳಿಯಲಿಲ್ಲ. 21 ವರ್ಷದ ಹುಡುಗನೊಬ್ಬನನ್ನು ಎರಡು ವರ್ಷಕ್ಕೆ ತಂದೆ. ಮೌಂಟೆನ್ 70 ಅಷ್ಟೇ, ಆದರೆ ರಿಕವರಿ 73. ರೊಮ್ಯಾಂಡಿಗೆ ಇನ್ನು ಅವನೇ. ಸ್ಟೇಜ್ ರೇಸ್ ಕಡಿಮೆಯಾದದ್ದು ನನಗೆ ಬೇಜಾರೇ. ಪ್ರಾಯೋಜಕರಿಗೂ ಯುಸಿಐ ಅಂಕದ ಮೇಲೆ ಮೋಹವಿಲ್ಲ, ಅವರ ಪತ್ರದಲ್ಲಿ ಈ ವರ್ಷವೂ ಮೊದಲ ಗುರಿ ಟೂರ್‌ನಲ್ಲಿ ಒಂದು ಸ್ಟೇಜ್.

ಜನವರಿಯ ಟೂರ್ ಡೌನ್ ಅಂಡರ್‌ನಲ್ಲಿ ಹೊಸ ರೈಲು ಮೊದಲ ಸಲ ಓಡಿತು. ಕೊನೆಯ ಕಿಲೋಮೀಟರ್‌ನಲ್ಲಿ ಮುದುಕ ಬಲಗಡೆಯಿಂದ ಒಬ್ಬಂಟಿಯಾಗಿ ಜಾಗ ಬಿಡಿಸಿಕೊಂಡು ಎಳೆದು, ಕೊಂಚ ಬೇಗನೇ ಸುಸ್ತಾಗಿ ಬದಿಗೆ ಸರಿದ. ನಮ್ಮವನು ಗಾಳಿಗೆ ಒಡ್ಡಿಕೊಂಡು ಮೂರನೆಯವನಾಗಿ ಬಂದ. ಆಟ ನಿಲ್ಲಿಸಿ ತೆಗೆದ ಚಿತ್ರ ತೆರೆದು ಚಕ್ರ ಎಣಿಸಿದೆ. ಗೆಲುವಿನ ಕಾಲಂ ಖಾಲಿ ಬಿಟ್ಟು, ಅದರ ಪಕ್ಕದ ಚೌಕದಲ್ಲಿ 2 ಎಂದು ಬರೆದೆ.