ನೋಟಿಸ್ ಅವಧಿಯ ಮೂವತ್ತು ದಿನಗಳಿಗೆ ಬಿಲ್ಲು ಬರೆದದ್ದು

ಮುಂಬೈ ಸಮೀಪದ ಡೊಂಬಿವಿಲಿಯ ಮನೆಯಲ್ಲೇ ಕುಳಿತು ಹನ್ನೊಂದು ವರ್ಷಗಳಿಂದ ಇಂಗ್ಲಿಷ್ ಮತ್ತು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡಿಕೊಂಡು ಬಂದಿರುವ ನಾನು, ಮೊದಲ ಐದು ವರ್ಷ ಕರಾರುಪತ್ರದಲ್ಲಿ ಮುಕ್ತಾಯದ ಷರತ್ತು ಇರುವ ಪುಟವನ್ನು ಸರಿಯಾಗಿ ಓದಿದವನೇ ಅಲ್ಲ. ಪದಕ್ಕೆ ಎಷ್ಟು ಪೈಸೆ, ಹಣ ಎಂದು ಬರುತ್ತದೆ ಎಂಬುದಷ್ಟನ್ನು ನೋಡಿ ಸಹಿ ಹಾಕುತ್ತಿದ್ದೆ.

ಅಂಧೇರಿಯ ಒಂದು ಸಂಸ್ಥೆಯೊಂದಿಗೆ ಒಂದು ವರ್ಷದ ಕರಾರಾಗಿತ್ತು. ತಿಂಗಳಿಗೆ ಸುಮಾರು 40,000 ರೂಪಾಯಿಯ ಕೆಲಸ ಬರುತ್ತಿದ್ದುದರಿಂದ ಬೇರೆಯವರ ಕೆಲಸಗಳನ್ನು ನಾನೇ ಕೈಬಿಟ್ಟಿದ್ದೆ. ಎಂಟನೆಯ ತಿಂಗಳಿನ ಒಂದು ಶುಕ್ರವಾರ ಸಂಜೆ, ಯೋಜನೆಯನ್ನು ನಿಲ್ಲಿಸಲಾಗಿದೆ, ಇದನ್ನೇ ಮೂವತ್ತು ದಿನಗಳ ನೋಟಿಸ್ ಎಂದು ತಿಳಿಯಬೇಕು ಎಂಬ ಮೂರು ಸಾಲಿನ ಇಮೇಲ್ ಬಂತು. ಇನ್ನೊಂದು ತಿಂಗಳ ಆದಾಯಕ್ಕೆ ಭಯವಿಲ್ಲ ಎಂದುಕೊಂಡು ನಾನು ಸುಮ್ಮನಿದ್ದೆ. ಆ ಮೂವತ್ತು ದಿನಗಳಲ್ಲಿ ಒಂದೇ ಒಂದು ಕಡತವೂ ಬರಲಿಲ್ಲ. ತಿಂಗಳ ಕೊನೆಗೆ ವಿಚಾರಿಸಿದರೆ, ಕೆಲಸವೇ ಇಲ್ಲದ ಮೇಲೆ ಬಿಲ್ಲು ಎಲ್ಲಿಂದ ಬಂತು ಎಂದರು. ಕರಾರನ್ನು ಆಗ ಮೊದಲ ಬಾರಿಗೆ ಪೂರ್ತಿ ಓದಿದ ನನಗೆ ಅವರ ಮಾತು ಸರಿಯೆಂದೇ ಕಂಡಿತು. ಸಂಬಳದ ನೌಕರನಿಗೆ ನೋಟಿಸ್ ಅವಧಿಯಲ್ಲಿಯೂ ಸಂಬಳ ನಡೆಯುತ್ತದೆ; ಪದದ ಲೆಕ್ಕದಲ್ಲಿ ದುಡಿಯುವವನ ಪಾಲಿಗೆ ಆ ಅವಧಿಯು ಕರಾರು ಎಂದು ಮುಗಿಯುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು, ಅಲ್ಲಿಯವರೆಗೆ ಕೆಲಸವನ್ನಾಗಲಿ ಹಣವನ್ನಾಗಲಿ ಕೊಡುತ್ತೇವೆಂದು ಹೇಳುವುದಿಲ್ಲ.

ಅದಕ್ಕಿಂತ ನೋವಾದದ್ದು ಅದೇ ಸಂಸ್ಥೆಗಾಗಿ ಅನುವಾದಿಸುತ್ತಿದ್ದು ಅರ್ಧಕ್ಕೆ ನಿಂತ ಕೈಪಿಡಿಯ ವಿಚಾರ. 26,000 ಪದಗಳಲ್ಲಿ 18,000 ಮುಗಿಸಿದ್ದೆ, ಆದರೆ ಒಪ್ಪಿಸಿರಲಿಲ್ಲ. ಕರಾರಿನಲ್ಲಿಯೋ 'ಅನುಮೋದಿತ ಕೆಲಸಕ್ಕೆ ಮಾತ್ರ' ಹಣ ಎಂದಿತ್ತು. ಥಾಣೆ ನಗರದ ನ್ಯಾಯಾಲಯದಲ್ಲಿ ವಕೀಲರಾಗಿರುವ, ನಮ್ಮೂರ ಕಡೆಯವರೇ ಆದ ಸ್ನೇಹಿತರನ್ನು ಕೇಳಿದೆ. 1872ರ ಕರಾರು ಕಾಯ್ದೆಯ 70ನೆಯ ಕಲಮಿನ ಪ್ರಕಾರ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಪಡೆದವರು ಅದಕ್ಕೆ ತಕ್ಕ ಪರಿಹಾರ ಕೊಡಬೇಕು ಎಂದು ವಿವರಿಸಿದ ಅವರು, "ನಿಮ್ಮ ಕಂಪ್ಯೂಟರಿನಲ್ಲೇ ಉಳಿದ ಕೆಲಸದಿಂದ ಅವರಿಗೆ ಲಾಭವಾದದ್ದೇನು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಕೇಳಿಕೊಂಡು, ಗೋಗರೆದು, ಮುಗಿದಷ್ಟನ್ನು ಒಪ್ಪಿಸಿ ಅದರ ಅರ್ಧ ಹಣ ಪಡೆದೆ.

ಆಮೇಲೆ ನಾನು ಸ್ವಂತ ಕರಾರಿನ ನಮೂನೆಯೊಂದನ್ನು ಬರೆದುಕೊಂಡೆ. ಅದರಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡ ಸಾಲು ಇದು: 'ನೋಟಿಸ್ ಅವಧಿಯಲ್ಲಿ ಕೆಲಸ ಕಳುಹಿಸಲಿ, ಬಿಡಲಿ, ಹಿಂದಿನ ಮೂರು ತಿಂಗಳ ಬಿಲ್ಲುಗಳ ಸರಾಸರಿ ಮೊತ್ತಕ್ಕೆ ಕಡಿಮೆಯಿಲ್ಲದ ಶುಲ್ಕವನ್ನು ಗ್ರಾಹಕರು ಪಾವತಿಸತಕ್ಕದ್ದು, ಅನುವಾದಕರು ಆ ಅವಧಿಯಲ್ಲಿ ಅವರ ಕೆಲಸಕ್ಕೆ ಲಭ್ಯವಿರತಕ್ಕದ್ದು.' ಎರಡನೆಯ ಭಾಗವನ್ನು ಸೇರಿಸದೆ ಮೊದಲನೆಯದನ್ನು ಕೇಳಿದಾಗ ಯಾರೂ ಒಪ್ಪುತ್ತಿರಲಿಲ್ಲ. ಸೇರಿಸಿದ ಮೇಲೂ ಹಲವರು ಒಪ್ಪುವುದಿಲ್ಲ. ಲೋವರ್ ಪರೇಲಿನ ಗ್ರಾಹಕರೊಬ್ಬರು ಸರಾಸರಿಯ ಅರ್ಧಕ್ಕೆ ಇಳಿಸಿದರು, ನಾನು ಒಪ್ಪಿದೆ.

ಒಪ್ಪಿಸುವ ರೀತಿಯನ್ನೂ ಬದಲಿಸಿದೆ. ಈಗ ಯಾವ ಕೆಲಸವನ್ನೂ ಇಡಿಯಾಗಿ ಕೊಡದೆ, 3,000 ಪದಗಳಾದಂತೆಲ್ಲ ಕಳುಹಿಸುತ್ತೇನೆ, ಹದಿನೈದು ದಿನಕ್ಕೊಮ್ಮೆ ಬಿಲ್ಲು ಹಾಕುತ್ತೇನೆ. ನಿಜ ಹೇಳಬೇಕೆಂದರೆ ಕಾನೂನಿನ ಎಲ್ಲ ಸಾಲುಗಳಿಗಿಂತ ಹೆಚ್ಚು ಹಣ ಉಳಿಸಿರುವುದು ಈ ಅಭ್ಯಾಸವೇ. ಜೊತೆಗೆ, ಪೂರ್ತಿ ಹಣ ಸಂದ ಮೇಲಷ್ಟೇ ಕೃತಿಸ್ವಾಮ್ಯವು ವರ್ಗಾವಣೆಯಾಗುತ್ತದೆ ಎಂದು ಬರೆಯುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರನಲ್ಲದ ಲೇಖಕನೇ ತನ್ನ ಬರಹದ ಮೊದಲ ಒಡೆಯ. ಅದರ ವರ್ಗಾವಣೆಯು ಸಹಿ ಮಾಡಿದ ಲಿಖಿತ ರೂಪದಲ್ಲಿಯೇ ಆಗಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಹಣ ಕೊಡದೆ ಬಳಸಿಕೊಳ್ಳಲು ಹೊರಟವರಿಗೆ ಈ ಸಾಲನ್ನು ತೋರಿಸಿದರೆ ಮಾತಿನ ಧಾಟಿ ಬದಲಾಗುತ್ತದೆ.

ಆ ವಕೀಲ ಸ್ನೇಹಿತರ ಒತ್ತಾಯದಿಂದಲೇ ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿಯನ್ನೂ ಮಾಡಿಸಿದೆ. ಅದಕ್ಕೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯಲ್ಲಿ ಕೆಲಸ ಒಪ್ಪಿಸಿದ ಹದಿನೈದು ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ, ಒಪ್ಪಿಸಿದ ದಿನವೇ ಅದು ಸ್ವೀಕೃತವಾದಂತೆ ಎಂದಿದೆ. 'ಅನುಮೋದನೆ' ಎಂಬ ಪದದಿಂದ ಪೆಟ್ಟು ತಿಂದವನಿಗೆ ಇದಕ್ಕಿಂತ ಹಿತವಾದ ವಾಕ್ಯ ಬೇರೆ ಸಿಗದು. ಕರಾರಿನಲ್ಲಿ ಏನೇ ಇದ್ದರೂ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯು ತಿಂಗಳ ಚಕ್ರಬಡ್ಡಿಯ ಲೆಕ್ಕದಲ್ಲಿ ಬೀಳುತ್ತದೆ.

ಕರಾರನ್ನು ಮುರಿಯಬೇಕಾದ ಸರದಿ ನನಗೂ ಬಂತು. ತಾಯಿಯ ಶಸ್ತ್ರಚಿಕಿತ್ಸೆಗಾಗಿ ಕುಂದಾಪುರಕ್ಕೆ ಹೋಗಿ ತಿಂಗಳುಗಟ್ಟಲೆ ನಿಲ್ಲಬೇಕಾದಾಗ, ಅರವತ್ತು ದಿನಗಳ ನೋಟಿಸ್ ಕೊಡದೆ ಬಿಟ್ಟರೆ ಎರಡು ತಿಂಗಳ ಶುಲ್ಕವನ್ನು ದಂಡವಾಗಿ ಕೊಡಬೇಕೆಂಬ ಕರಾರು ನನ್ನ ಕೊರಳಿಗಿತ್ತು. ಅದೂ ಓದದೆ ಸಹಿ ಹಾಕಿದ ಹಳೆಯ ಕಾಲದ್ದೇ. ಕರಾರಿನಲ್ಲಿ ಮೊತ್ತವನ್ನು ನಮೂದಿಸಿದ್ದರೂ, ಕರಾರು ಕಾಯ್ದೆಯ 74ನೆಯ ಕಲಮಿನಡಿ ನ್ಯಾಯಾಲಯವು ಕೊಡಿಸುವುದು ಆ ಮೊತ್ತವನ್ನು ಮೀರದ ಯುಕ್ತ ಪರಿಹಾರವನ್ನಷ್ಟೇ ಎಂದು ವಕೀಲರು ಧೈರ್ಯ ಹೇಳಿದರು. ಆದರೆ ನಾನು ಆ ವಾದಕ್ಕೆ ಇಳಿಯಲಿಲ್ಲ. ಮಾಟುಂಗಾದ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿದ್ದ ಅನುವಾದಕಿಯೊಬ್ಬರನ್ನು ಒಪ್ಪಿಸಿ, ನನ್ನ ಪದಕೋಶವನ್ನೂ ಶೈಲಿಯ ಟಿಪ್ಪಣಿಗಳನ್ನೂ ಅವರಿಗೆ ಕೊಟ್ಟು, ಹತ್ತು ದಿನ ರಾತ್ರಿ ಅವರ ಕರಡುಗಳನ್ನು ತಿದ್ದಿದೆ. ಗ್ರಾಹಕರು ದಂಡವನ್ನು ಬಿಟ್ಟುಕೊಟ್ಟರು. ಅಂದಿನಿಂದ ನನ್ನ ನಮೂನೆಯಲ್ಲಿ ಎರಡೂ ಕಡೆಗೆ ಒಂದೇ ಅವಧಿಯಿದೆ, ಬದಲಿ ಅನುವಾದಕರನ್ನು ಒದಗಿಸಿದರೆ ಅದು ಅರ್ಧಕ್ಕಿಳಿಯುತ್ತದೆ.

ನೋಟಿಸನ್ನು ಇಮೇಲಿನಲ್ಲಿಯೇ ಕೊಡಬೇಕು, ದಿನಗಳನ್ನು ಅದು ತಲುಪಿದ ಮರುದಿನದಿಂದ ಎಣಿಸಬೇಕು, ವಾಟ್ಸಾಪ್ ಸಂದೇಶ ನೋಟಿಸ್ ಆಗದು ಎಂಬ ಮೂರು ಸಣ್ಣ ಸಾಲುಗಳೂ ಅಲ್ಲಿವೆ.

ಕಳೆದ ವರ್ಷ ಆ ಲೋವರ್ ಪರೇಲಿನವರೂ ನೋಟಿಸ್ ಕೊಟ್ಟರು. ಆ ತಿಂಗಳು ಅವರಿಂದ ಒಂದು ಪುಟವೂ ಬರಲಿಲ್ಲ. ಮೂವತ್ತನೆಯ ದಿನ 'ನೋಟಿಸ್ ಅವಧಿಯ ಶುಲ್ಕ' ಎಂದು 19,000 ರೂಪಾಯಿಯ ಬಿಲ್ಲು ಕಳುಹಿಸಿದೆ. ಅವರ ಲೆಕ್ಕಪತ್ರ ವಿಭಾಗದವರು ಇದು ಯಾವ ಕೆಲಸದ್ದು ಎಂದು ಕೇಳಿದರು. ಕರಾರಿನ ಪುಟಸಂಖ್ಯೆಯನ್ನು ಬರೆದು ಉತ್ತರಿಸಿದೆ. ಶೇಕಡ 10ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಕಳೆದು ಉಳಿದ 17,100 ರೂಪಾಯಿ ಮೂರನೆಯ ವಾರದಲ್ಲಿ ಖಾತೆಗೆ ಬಂತು.