ಚಿಪ್ಪಿನ ಹಾಗೆ ಪದರ ಕಟ್ಟಿದ ಕಾಂಕ್ರೀಟ್ ಹಲಗೆ: ನನ್ನ ಅನುಭವ

ತೆಳು ಹಲಗೆ ಎರಕ ಹೊಯ್ಯುವವರಿಗೆಲ್ಲ ಗೊತ್ತಿರುವ ಕಷ್ಟ ಇದು. ಕಾಂಕ್ರೀಟಿನ ಘನವನ್ನು ಒತ್ತಿ ಬಲ ಅಳೆಯುವ ಕ್ಯೂಬ್ ಟೆಸ್ಟ್‌ನಲ್ಲಿ ಭರ್ಜರಿ ಅಂಕಿ ಬರುತ್ತದೆ. ಅದೇ ಮಿಕ್ಸಿನ ಹಲಗೆ ಗಾಡಿಯಿಂದ ಇಳಿಸುವಾಗ ಟಕ್ ಅಂತ ಎರಡು ತುಂಡು. ನಾನು ಮಾಡುವುದು ಬೆಂಚಿನ ಮೇಲ್ಹಲಗೆ, ತೋಟದ ಹಾಸು, 30-40 ಮಿ.ಮೀ. ದಪ್ಪದ ಸರಕು. ಒಂದು ಕಾಲಕ್ಕೆ ಹೆಚ್ಚುಕಡಿಮೆ 10ರಲ್ಲಿ 1 ಹಲಗೆ ಗಿರಾಕಿ ಕೈ ಸೇರುವ ಮೊದಲೇ ಮುರಿಯುತ್ತಿತ್ತು. ಈಗ ತೆಳು ಹಾಳೆಗಳಾಗಿ ಹೊಯ್ದು, ನಡುವೆ ಮೆತ್ತನೆಯ ಅಂಟು ಕೊಟ್ಟು ಕೂಡಿಸುತ್ತೇನೆ. "ಕಾಂಕ್ರೀಟ್ ಮಧ್ಯೆ ರಬ್ಬರ್ ಇಟ್ಟರೆ ನಿಲ್ಲುತ್ತದಾ?" ಎಂದವರೇ ಈಗ ಅಚ್ಚಿನ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಹೇಳುವುದನ್ನೇ ಮಾಡಿದೆ. ನೀರು ಕಡಿಮೆಯಾದಷ್ಟೂ ಬಲ ಜಾಸ್ತಿ ಅಂತ ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟಿದ್ದಾರೆ, ಅದರಲ್ಲಿ ವಾದವೇ ಇಲ್ಲ. ನೀರು-ಸಿಮೆಂಟ್ ಅನುಪಾತವನ್ನು 0.5ರಿಂದ 0.35ರ ಹತ್ತಿರಕ್ಕೆ ಇಳಿಸಿದೆ. ಕಡಿಮೆ ನೀರಲ್ಲೂ ಮಿಕ್ಸ್ ಸಲೀಸಾಗಿ ಹರಿಯುವಂತೆ ಮಾಡುವ ಸೂಪರ್‌ಪ್ಲಾಸ್ಟಿಸೈಸರ್ ಹಾಕಿದೆ. ಸಿಮೆಂಟಿನ ನೂರಕ್ಕೆ 8ರಷ್ಟು ಸಿಲಿಕಾ ಫ್ಯೂಮ್ (ಸಿಮೆಂಟಿಗಿಂತ ಎಷ್ಟೋ ನುಣ್ಣನೆಯ ಸಿಲಿಕಾ ಪುಡಿ) ಬೆರೆಸಿದೆ. ಕ್ಯೂಬಿನ ಬಲ 35 ಮೆಗಾಪ್ಯಾಸ್ಕಲ್‌ನಿಂದ 60ರ ಮೇಲೆ ಹೋಯಿತು. ಆದರೆ ಎರಡು ಪೈಪಿನ ಮೇಲೆ ಹಲಗೆ ಇಟ್ಟು ನಡುವೆ ಭಾರ ತೂಗಿದಾಗ, ತಾಳಿದ್ದು ಮೊದಲಿಗಿಂತ ಕಾಲುಭಾಗ ಜಾಸ್ತಿ ಅಷ್ಟೇ. ಮುರಿಯುವಾಗ ಮಾತ್ರ ಯಾವ ಸೂಚನೆಯೂ ಇಲ್ಲದೆ ಮುರಿಯಿತು.

ಮುರಿದ ಮುಖವನ್ನು ಹತ್ತಿರದಿಂದ ನೋಡಿ, ಕಾರಣ ಅಲ್ಲೇ ಇದೆ. ಸಾಧಾರಣ ಮಿಕ್ಸಿನಲ್ಲಿ ಬಿರುಕು ಜಲ್ಲಿಯನ್ನು ಸುತ್ತಿಕೊಂಡು ಹೋಗಿರುತ್ತದೆ. ಒಂದು ಕಡೆ ಜಲ್ಲಿ ಉಬ್ಬಿದ್ದರೆ ಎದುರು ತುಂಡಿನಲ್ಲಿ ಅದರ ಗುಳಿ ಕಾಣುತ್ತದೆ. ನನ್ನ ಬಲವಾದ ಮಿಕ್ಸಿನಲ್ಲಿ ಜಲ್ಲಿಯೇ ಸೀಳಿತ್ತು, ಮುಖ ನುಣ್ಣಗೆ. ಅಂದರೆ ಜಲ್ಲಿಯನ್ನು ಹಿಡಿದಿಡುವ ಸಿಮೆಂಟ್ ಪೇಸ್ಟ್ ಗಟ್ಟಿಯಾಗಿದೆ, ಬಿರುಕಿಗೆ ಅಡ್ಡ ಬರುವುದು ಮಾತ್ರ ಏನೂ ಉಳಿದಿಲ್ಲ. ತೆಳು ಹಲಗೆಗೆ ಬೇಕಾದ್ದು ಇನ್ನಷ್ಟು ಸಿಮೆಂಟ್ ಅಲ್ಲ, ಬಿರುಕನ್ನು ದಾರಿ ತಪ್ಪಿಸುವ ಕಟ್ಟು.

ಸ್ಟೀಲ್ ಫೈಬರ್ ಹಾಕಿ ನೋಡಿದೆ. ಬಾಗುವ ಗುಣ ಬಂತು, ಆದರೆ ಮೇಲ್ಮೈ ತುಂಬ ತುಕ್ಕಿನ ಚುಕ್ಕೆ. ಕೂರುವ ಬೆಂಚಿಗೆ ಅದು ಆಗಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ವಿಕ್ಟರ್ ಲಿ ಅವರ ದಾರಿ ಹಿಡಿದು ಪಿವಿಎ ಎಂಬ ಕೃತಕ ನಾರನ್ನು ಘನ ಅಳತೆಯಲ್ಲಿ ನೂರಕ್ಕೆ 2ರಷ್ಟು ಹಾಕಿದರೆ ಕಾಂಕ್ರೀಟ್ ನಿಜಕ್ಕೂ ಬಾಗುತ್ತದೆ. ನಾರಿನ ಖರ್ಚೇ ಸಿಮೆಂಟಿನ ಖರ್ಚನ್ನು ಮೀರಿತು, ಬಿಟ್ಟೆ.

ಆಮೇಲೆ ಚಿಪ್ಪು. ಮುತ್ತಿನ ಚಿಪ್ಪಿನ ಒಳಪದರದಲ್ಲಿ ನೂರಕ್ಕೆ 95ರಷ್ಟು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣಕಲ್ಲಿನ ಸರಕೇ. ಅದಕ್ಕೇ ಕೆಲವರು ಚಿಪ್ಪಿನ ಪುಡಿ ಮಿಕ್ಸಿಗೆ ಹಾಕುತ್ತಾರೆ. ನಾನೂ ಹಾಕಿ ನೋಡಿದೆ. ಸುಣ್ಣಕಲ್ಲಿನ ಪುಡಿ ಹಾಕಿದಷ್ಟೇ ಫಲ. ಚಿಪ್ಪಿನ ಬಲ ಸರಕಿನಲ್ಲಿಲ್ಲ, ಜೋಡಣೆಯಲ್ಲಿದೆ. ಅರ್ಧ ಮೈಕ್ರಾನ್ (ಮಿ.ಮೀ.ನ ಎರಡು ಸಾವಿರದಲ್ಲೊಂದು ಭಾಗ) ದಪ್ಪದ ಬಿಲ್ಲೆಗಳು, ನಡುವೆ ಮೆತ್ತನೆಯ ಜೈವಿಕ ಅಂಟು, ಇಟ್ಟಿಗೆ ಗೋಡೆಯ ಹಾಗೆ ಸಂದು ತಪ್ಪಿಸಿ ಕೂತಿವೆ. 2024ರಲ್ಲಿ ಪ್ರಿನ್ಸ್‌ಟನ್‌ನ ರೆಜಾ ಮೊಯಿನಿ ಅವರ ತಂಡ ಇದನ್ನೇ ಸಿಮೆಂಟ್ ಪೇಸ್ಟಿನಲ್ಲಿ ಮಾಡಿತು. ಷಟ್ಕೋನದ ಬಿಲ್ಲೆ, ನಡುವೆ ಪಾಲಿವಿನೈಲ್ ಸಿಲೋಕ್ಸೇನ್. ಬಲ ಹೆಚ್ಚುಕಡಿಮೆ ಅಷ್ಟೇ ಇದ್ದು, ಬಿರುಕು ತಡೆಯುವ ಶಕ್ತಿ 17 ಪಟ್ಟು ಏರಿತು. ಅಂಕಿ ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಪಾಲಿವಿನೈಲ್ ಸಿಲೋಕ್ಸೇನ್ ಅಂದರೆ ಹಲ್ಲಿನ ಡಾಕ್ಟರು ಅಚ್ಚು ತೆಗೆಯುವ ವಸ್ತು. ಹಲಗೆ ಗಾತ್ರಕ್ಕೆ ಲೆಕ್ಕ ಹಾಕಿದರೆ ಅಂಟೊಂದಕ್ಕೇ ಹಲಗೆಯ ಹತ್ತಾರು ಪಟ್ಟು ಹಣ. ಟ್ಯೂಬಿನ ಸಿಲಿಕೋನ್ ಅಗ್ಗ ಅಂತ ಅದನ್ನು ಹಿಡಿದೆ. ಅದು ಒಣಗುವುದು ಗಾಳಿಯ ತೇವದಿಂದ. ಹಾಳೆಗಳ ಅಂಚಿನಲ್ಲಿ ಗಟ್ಟಿಯಾಯಿತು, ವಾರಗಳಾದರೂ ನಡುವೆ ಹಸಿಯೇ ಉಳಿಯಿತು. ಕೊನೆಗೆ ಎರಡು ಭಾಗ ಬೆರೆಸುವ ಮೆತ್ತನೆ ಪಾಲಿಯುರೆಥೇನ್ ಗಿಟ್ಟಿತು. ಅದಕ್ಕೆ ತೇವ ಕಂಡರಾಗದು. ಹಾಳೆಯಲ್ಲಿ ನೀರಿನಂಶ ಇದ್ದರೆ ಗುಳ್ಳೆ ಎದ್ದು ನೊರೆಯಾಗುತ್ತದೆ. ಒಂದಷ್ಟು ಸರಕು ಹಾಗೇ ಕಸಕ್ಕೆ ಹೋಯಿತು. ಆ ಅಂಟಿಗೆ ನಾನು ಇನ್ನೊಂದು ಪುಡಿ ಬೆರೆಸುತ್ತೇನೆ, ಅದು ಯಾವುದು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗಿನ ಕ್ರಮ ಹೀಗಿದೆ. ಜಲ್ಲಿ ಇಲ್ಲ, ಸಣ್ಣ ಮರಳಿನ ಗಾರೆ, ಅನುಪಾತ 0.35. ಸುಮಾರು 6 ಮಿ.ಮೀ. ಹಾಳೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಗಾರೆ ಅಂಟಬಾರದು. ಆ ಹೊತ್ತಿಗೆ ಷಟ್ಕೋನದ ಜಾಲರಿ ಒತ್ತಿ ಗೀರು ಮೂಡಿಸುತ್ತೇನೆ. ಗೀರು ಎಷ್ಟು ಆಳ ಅನ್ನುವುದನ್ನು ನೀವೇ ಮಾಡಿ ಕಂಡುಕೊಳ್ಳಿ. ಒಂದು ವಾರ ನೀರಿನ ಕ್ಯೂರಿಂಗ್. ಆಮೇಲೆ ನೆರಳಲ್ಲಿ, ಎರಡೂ ಕಡೆ ಗಾಳಿ ಆಡುವಂತೆ ನಿಲ್ಲಿಸಿ ಒಣಗಿಸಬೇಕು. ಬಿಸಿಲಿಗೆ ಮಲಗಿಸಿದರೆ ಹಾಳೆ ಸೊಟ್ಟಗಾಗುತ್ತದೆ, ಮತ್ತೆ ಕೂಡುವುದಿಲ್ಲ. ಒಂದರ ಗೀರಿನ ಮೇಲೆ ಇನ್ನೊಂದರ ಗೀರು ಬರದಂತೆ 5 ಹಾಳೆ ಕೂಡಿಸುತ್ತೇನೆ. ಅಂಟು 1 ಮಿ.ಮೀ. ಒಳಗೇ ಇರಬೇಕು. ದಪ್ಪವಾದರೆ ಹಾಳೆಗಳು ಜಾರಿ ಹಲಗೆ ಜೋತುಬೀಳುತ್ತದೆ. ತೀರಾ ತೆಳುವಾದರೆ ಬಿರುಕು ನೇರ ದಾಟಿಬಿಡುತ್ತದೆ.

ಸರಿಯಾಗಿ ಕೂತ ಹಲಗೆಯನ್ನು ಪೈಪಿನ ಮೇಲಿಟ್ಟು ತೂಗಿದಾಗ ನೋಡಬೇಕು. ಕೆಳಗಿನ ಹಾಳೆ ಟಕ್ ಅನ್ನುತ್ತದೆ, ಬಿರುಕು ಅಂಟಿನವರೆಗೆ ಬಂದು ನಿಲ್ಲುತ್ತದೆ. ಭಾರ ಏರಿಸಿದರೆ ಅಡ್ಡಕ್ಕೆ ಒಂದಷ್ಟು ದೂರ ಹೋಗಿ, ಮೇಲಿನ ಹಾಳೆಯ ಬೇರೊಂದು ಗೀರಿನಲ್ಲಿ ಏಳುತ್ತದೆ. ಹಲಗೆ ಬಾಗುತ್ತದೆ, ಆದರೆ ಬೀಳಲ್ಲ. ತಾಳುವ ಗರಿಷ್ಠ ಭಾರ ಪದರವಿಲ್ಲದೆ ಒಂದೇ ಎರಕದಲ್ಲಿ ಹೊಯ್ದ ಹಲಗೆಗಿಂತ ನೂರಕ್ಕೆ 10ರಷ್ಟು ಕಡಿಮೆ. ಮುರಿಯಲು ಬೇಕಾದ ಶ್ರಮ ಮಾತ್ರ ನನ್ನ ಲೆಕ್ಕದಲ್ಲಿ 7-8 ಪಟ್ಟು. ಪ್ರಯೋಗಾಲಯದ 17 ಬಂದಿಲ್ಲ, ಆದರೆ ಪೈಪು ಮತ್ತು ಮರಳಿನ ಬಕೆಟ್ ಇಟ್ಟುಕೊಂಡು ಇಷ್ಟು ತೆಗೆದದ್ದಕ್ಕೆ ನನಗೆ ಹೆಮ್ಮೆ ಇದೆ.

ಮಧ್ಯೆ ಮ್ಯಾಂಟಿಸ್ ಸೀಗಡಿ ಎಂಬ ಕಡಲಜೀವಿಯ ಹಿಂದೆಯೂ ಬಿದ್ದಿದ್ದೆ. ಅದರ ಗದೆಯಂಥ ಕೈಯಲ್ಲಿ ನಾರಿನ ಪದರಗಳು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ತಿರುಗಿಕೊಂಡು ಕೂತಿರುತ್ತವೆ. ಗಾರೆಯನ್ನು ನಳಿಕೆಯಿಂದ ಎಳೆ ಎಳೆಯಾಗಿ, ಪ್ರತಿ ಪದರಕ್ಕೂ ಓರೆ ಬದಲಿಸಿ ಹಾಕಿದೆ. ಬಿರುಕು ನಿಜವಾಗಿಯೂ ಸುರುಳಿ ಸುತ್ತಿತು, ನೋಡಲು ಬಲು ಚೆಂದ! ಕೈಯಲ್ಲಿ ಮಾಡುವ ಕೆಲಸವಲ್ಲ. ಗಾರೆ ಹಾಕುವ 3ಡಿ ಪ್ರಿಂಟರ್ ಇದ್ದವರು ಬಿಡಬೇಡಿ.

ಹಣದ ಮಾತು. ಶುರುವಿನಲ್ಲಿ ಒಂದು ಹಲಗೆಗೆ ಹಳೆಯದರ ಮೂರು ಪಟ್ಟು ಬೀಳುತ್ತಿತ್ತು. ಈಗ ಒಂದೂವರೆ ಪಟ್ಟು. ಗಾಡಿಯಲ್ಲಿ ಮುರಿಯುವುದು ನಿಂತೇಹೋಗಿದೆ, ದಪ್ಪ ಇಳಿದು ಸಾಗಣೆ ತೂಕವೂ ಕಡಿಮೆಯಾಗಿದೆ, ಹಾಗಾಗಿ ಗಿಟ್ಟುತ್ತದೆ. ಆದರೆ ಇದನ್ನು ತೊಲೆಗೋ ಚಾವಣಿಗೋ ಒಯ್ಯಬೇಡಿ. ಬೆಂಕಿಗೆ ಅಂಟು ಉಳಿಯುವುದಿಲ್ಲ. ಸದಾ ಭಾರ ಹೊತ್ತರೆ ಮೆತ್ತನೆ ಪದರ ನಿಧಾನಕ್ಕೆ ಜಾರುತ್ತದೆ. ಬಿಸಿಲಲ್ಲಿಡುವ ಹಲಗೆಯ ಅಂಚಿಗೆ ಗಾರೆ ಮೆತ್ತಿ ಅಂಟನ್ನು ಮುಚ್ಚಿ.